ವರ್ಡ್‌ಪ್ರೆಸ್ ಮೇಲೆ ವರ್ಕ್‌ಬಾಕ್ಸ್: ಥೀಮ್ ಬದಲಿಸದೆ ಮೊಬೈಲ್ ವೆಬ್ ಆ್ಯಪ್

ಈಗಾಗಲೇ ನಡೆಯುತ್ತಿರುವ ವರ್ಡ್‌ಪ್ರೆಸ್ ತಾಣವನ್ನು ಆ್ಯಪ್ ಮಾಡಲು ಎರಡು ದಾರಿಗಳಿವೆ. 2016ರ 4.7ನೇ ಆವೃತ್ತಿಯಿಂದ ಅದರಲ್ಲೇ ಇರುವ ರೆಸ್ಟ್ ಎಪಿಐ (ತಾಣದ ಲೇಖನಗಳನ್ನು ಬೇರೆ ಪ್ರೋಗ್ರಾಂಗಳಿಗೆ ಕೊಡುವ ಬಾಗಿಲು) ಬಳಸಿ ಮುಂಭಾಗವನ್ನು ಹೊಸದಾಗಿ ಬರೆಯಬಹುದು. ಇಲ್ಲವೇ ಹಳೆಯ ಥೀಮನ್ನೇ ಇಟ್ಟುಕೊಂಡು ಮ್ಯಾನಿಫೆಸ್ಟ್ ಫೈಲ್ (ಆ್ಯಪ್‌ನ ಹೆಸರು, ಐಕಾನ್‌ಗಳ ವಿವರ) ಮತ್ತು ಸರ್ವಿಸ್ ವರ್ಕರ್ (ಬ್ರೌಸರ್‌ನ ಹಿನ್ನೆಲೆಯಲ್ಲಿದ್ದು ತಾಣದ ಕೋರಿಕೆಗಳನ್ನು ನಡುವೆಯೇ ಹಿಡಿದು ನಿಭಾಯಿಸುವ ಸ್ಕ್ರಿಪ್ಟ್) ಸೇರಿಸಬಹುದು. ಓದುವುದಕ್ಕೇ ಇರುವ ತಾಣವಾದರೆ ಎರಡನೆಯದೇ ವಾಸಿ. ಎಪಿಐ ದಾರಿಯಲ್ಲಿ ಗ್ಯಾಲರಿ, ಫಾರಂ ಪ್ಲಗಿನ್‌ಗಳ ಎಚ್‌ಟಿಎಂಎಲ್ ಬರುತ್ತದೆ. ಅವುಗಳ ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಬರುವುದಿಲ್ಲ. ಅದನ್ನೆಲ್ಲ ಮತ್ತೆ ಕಟ್ಟುತ್ತ ಕೂರಬೇಕು.

ಮ್ಯಾನಿಫೆಸ್ಟ್ ಅರ್ಧ ಗಂಟೆಯ ಕೆಲಸ: ಹೆಸರು, ಆರಂಭದ ವಿಳಾಸ, ಸ್ಟ್ಯಾಂಡ್‌ಅಲೋನ್ ಡಿಸ್‌ಪ್ಲೇ, 192 ಮತ್ತು 512 ಪಿಕ್ಸೆಲ್ ಐಕಾನ್. ಮಾಸ್ಕಬಲ್ ಐಕಾನ್‌ನಲ್ಲಿ (ಫೋನ್ ತನಗೆ ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳುವ ಐಕಾನ್) ಲೋಗೋ ನಡುವಿನ ಶೇ. 80ರ ವೃತ್ತದೊಳಗೇ ಇರಲಿ, ಇಲ್ಲದಿದ್ದರೆ ಆಂಡ್ರಾಯ್ಡ್ ಅಂಚು ಕತ್ತರಿಸುತ್ತದೆ.

ಸರ್ವಿಸ್ ವರ್ಕರ್‌ಗೆ ಎಚ್‌ಟಿಟಿಪಿಎಸ್ ಬೇಕೇ ಬೇಕು. ಫೈಲನ್ನು ಪ್ಲಗಿನ್ ಫೋಲ್ಡರ್‌ನಲ್ಲಿಟ್ಟರೆ ಅದರ ವ್ಯಾಪ್ತಿ ಆ ಫೋಲ್ಡರ್‌ಗೇ ಸೀಮಿತ. ಆದ್ದರಿಂದ ತಾಣದ ಮೂಲ ವಿಳಾಸದಿಂದಲೇ ಅದನ್ನು ಕೊಡಿ.

ನಿಜವಾದ ತಲೆನೋವು ಕ್ಯಾಶ್ ನಿಯಮಗಳದ್ದು, ಅಂದರೆ ಫೋನಿನಲ್ಲಿ ಏನನ್ನು ಉಳಿಸಿಟ್ಟು ಯಾವಾಗ ಬಳಸಬೇಕು ಎಂಬುದು. ಸರ್ವಿಸ್ ವರ್ಕರ್ ಬರೆಯಲು ನೆರವಾಗುವ ಗೂಗಲ್‌ನ ಲೈಬ್ರರಿ ವರ್ಕ್‌ಬಾಕ್ಸ್ ಇಲ್ಲಿ ಬಹಳ ಕೆಲಸ ಉಳಿಸುತ್ತದೆ, ಆದರೆ ಯಾವುದಕ್ಕೆ ಯಾವ ನಿಯಮ ಎಂದು ನಾವೇ ತೀರ್ಮಾನಿಸಬೇಕು. ಸಿಎಸ್‌ಎಸ್, ಫಾಂಟ್, ಚಿತ್ರಗಳಿಗೆ ಕ್ಯಾಶ್ ಫಸ್ಟ್ (ಮೊದಲು ಉಳಿಸಿಟ್ಟದ್ದು, ಇಲ್ಲದಿದ್ದರೆ ನೆಟ್‌ವರ್ಕ್) ಸಾಕು. ಚಿತ್ರಗಳಿಗೆ 60ರ ಮಿತಿ, 30 ದಿನದ ಗಡುವು ಹಾಕಿ. ಪುಟಗಳಿಗೆ ನೆಟ್‌ವರ್ಕ್ ಫಸ್ಟ್ (ಮೊದಲು ನೆಟ್‌ವರ್ಕ್, ಸಿಗದಿದ್ದರೆ ಉಳಿಸಿಟ್ಟದ್ದು), 3 ಸೆಕೆಂಡ್ ಟೈಮ್‌ಔಟ್. ಉಳಿಸಿಟ್ಟದ್ದನ್ನು ತಕ್ಷಣ ತೋರಿಸಿ ಹಿಂದಿನಿಂದ ಹೊಸದನ್ನು ತರುವ ಸ್ಟೇಲ್-ವೈಲ್-ರಿವ್ಯಾಲಿಡೇಟ್ ವೇಗವೇನೋ ಹೌದು, ಆದರೆ ಲೇಖನದ ತಪ್ಪು ತಿದ್ದಿದ ಮೇಲೂ ಓದುಗರಿಗೆ ಮೊದಲ ಸಲ ಹಳೆಯದೇ ಕಾಣುತ್ತದೆ.

ಅಡ್ಮಿನ್, ಲಾಗಿನ್, ಪ್ರಿವ್ಯೂ ಪುಟಗಳನ್ನು ಕ್ಯಾಶ್‌ನ ಹತ್ತಿರಕ್ಕೂ ಬಿಡಬೇಡಿ. ಫಾರಂ ಇರುವ ಪುಟಗಳೂ ಅಷ್ಟೇ. ವರ್ಡ್‌ಪ್ರೆಸ್ ನಾನ್ಸ್ (ಫಾರಂ ನಿಜವಾಗಿ ಈ ತಾಣದಿಂದಲೇ ಬಂದದ್ದೆಂದು ಖಚಿತಪಡಿಸುವ ತಾತ್ಕಾಲಿಕ ಸಂಕೇತ) 12ರಿಂದ 24 ಗಂಟೆ ಮಾತ್ರ ಬಾಳುತ್ತದೆ. ಕ್ಯಾಶ್‌ನಿಂದ ಬಂದ ಹಳೆಯ ಪುಟದ ಫಾರಂ ಕಳಿಸಿದರೆ 403 (ಅನುಮತಿ ಇಲ್ಲ ಎಂಬ ದೋಷ) ಬರುತ್ತದೆ. ಸಂಪಾದಕರ ಕಂಪ್ಯೂಟರಿನಲ್ಲಿ ಎಲ್ಲ ಸರಿಯಾಗಿದ್ದು ಓದುಗರಿಗೆ ಮಾತ್ರ ಆಗಾಗ ಕೈಕೊಡುವುದರಿಂದ ಇದನ್ನು ಪತ್ತೆ ಹಚ್ಚುವುದು ಕಷ್ಟ.

ಚಿತ್ರಗಳು ಬೇರೆ ಡೊಮೇನಿನ ಸಿಡಿಎನ್‌ನಿಂದ (ಫೈಲ್‌ಗಳನ್ನು ಬೇಗ ತಲುಪಿಸುವ ಸರ್ವರ್ ಜಾಲ) ಬರುತ್ತಿದ್ದರೆ ಇನ್ನೊಂದು ಗುಂಡಿ. ಸಿಓಆರ್‌ಎಸ್ (ಬೇರೆ ಡೊಮೇನಿಗೆ ಓದಲು ಸರ್ವರ್ ಕೊಡುವ ಅನುಮತಿ) ಇಲ್ಲದ ಚಿತ್ರ ಒಪೇಕ್ ಉತ್ತರವಾಗಿ, ಅಂದರೆ ಒಳಗೇನಿದೆ ಎಂದು ಸ್ಕ್ರಿಪ್ಟ್‌ಗೆ ಕಾಣದಂತೆ, ಸ್ಟೇಟಸ್ 0 ಹೊತ್ತು ಬರುತ್ತದೆ. ಅದನ್ನೂ ಉಳಿಸಿಕೊಳ್ಳಲೆಂದು ಸ್ಟೇಟಸ್ 0 ಅನ್ನು ಕ್ಯಾಶ್ ಮಾಡಬಹುದಾದ ಉತ್ತರಗಳ ಪಟ್ಟಿಗೆ ಸೇರಿಸಿದರೆ, ಚಿತ್ರ 40 ಕೆಬಿ ಇದ್ದರೂ ಕ್ರೋಮ್ ಒಂದೊಂದಕ್ಕೂ ಸುಮಾರು 7 ಎಂಬಿ ಲೆಕ್ಕ ಹಿಡಿಯುತ್ತದೆ. ಅರವತ್ತು ಚಿತ್ರಕ್ಕೇ 420 ಎಂಬಿ! ಸಿಡಿಎನ್‌ನಲ್ಲಿ ಸಿಓಆರ್‌ಎಸ್ ಹೆಡರ್, ಚಿತ್ರದ ಟ್ಯಾಗಿನಲ್ಲಿ ಕ್ರಾಸ್‌ಒರಿಜಿನ್ ಗುಣ ಎರಡೂ ಇದ್ದರೆ ಈ ಸಮಸ್ಯೆ ಇಲ್ಲ.

ಆ್ಯಪ್ ಬೇಡವೆನಿಸಿದಾಗ ವರ್ಕರ್ ಸೇರಿಸಿದ ಪ್ಲಗಿನ್ ಅಳಿಸಿದರೆ ಸಾಲದು. ಓದುಗರ ಫೋನಿನಲ್ಲಿರುವ ವರ್ಕರ್ ಹಾಗೇ ಕೆಲಸ ಮುಂದುವರಿಸುತ್ತದೆ. ಅದೇ ವಿಳಾಸದಲ್ಲಿ, ತನ್ನನ್ನೇ ಅನ್‌ರಿಜಿಸ್ಟರ್ ಮಾಡಿಕೊಳ್ಳುವ ಪುಟ್ಟ ಫೈಲ್ ಇಟ್ಟು ಕೆಲವು ತಿಂಗಳು ಬಿಡಬೇಕು.

ಐಫೋನ್‌ನ ಕಥೆ ಬೇರೆ. ಇನ್‌ಸ್ಟಾಲ್ ಮಾಡಿ ಎಂದು ನಮ್ಮ ಬಟನ್‌ನಿಂದ ಕೇಳಲು ಸಫಾರಿ ಬಿಡುವುದಿಲ್ಲ. ಓದುಗರೇ ಶೇರ್ ಮೆನು ತೆರೆದು ಹೋಮ್ ಸ್ಕ್ರೀನ್‌ಗೆ ಸೇರಿಸಿಕೊಳ್ಳಬೇಕು. ಪುಶ್ ಸಂದೇಶ ಬಂದದ್ದು 2023ರ ಐಓಎಸ್ 16.4ರಲ್ಲಿ, ಅದೂ ಹಾಗೆ ಸೇರಿಸಿಕೊಂಡವರಿಗೆ ಮಾತ್ರ. ಬರೀ ಟ್ಯಾಬಿನಲ್ಲಿ ಓದುವವರು ಸಫಾರಿ ಬಳಸುತ್ತ 7 ದಿನ ಈ ತಾಣವನ್ನು ಮುಟ್ಟದಿದ್ದರೆ ಅವರ ಕ್ಯಾಶ್ ಖಾಲಿ. ಹಾಗಾಗಿ ಶೇರ್ ಮೆನುವಿನ ಹೆಜ್ಜೆಗಳನ್ನು ಚಿತ್ರಸಹಿತ ತೋರಿಸುವ ಒಂದು ಪುಟ ತಾಣದಲ್ಲಿ ಇದ್ದೇ ಇರಲಿ.