ಕೌಂಟರಿನಲ್ಲಿ ಅಚ್ಚುಕಟ್ಟು, ಬೀದಿಯಲ್ಲಿ ಬಯಲು ಬಾರ್

ಹಾಸನದ ಬಿ.ಎಂ. ರಸ್ತೆಯಿಂದ ಒಳಕ್ಕೆ ತಿರುಗುವ ನಮ್ಮ ಬಡಾವಣೆಯ ಬೀದಿಯಲ್ಲಿರುವ ಮದ್ಯದಂಗಡಿಗೆ ನಾನು ನಾಲ್ಕು ವರ್ಷಗಳಿಂದ ಗಿರಾಕಿ. ವ್ಯಾಪಾರದ ಮಟ್ಟಿಗೆ ದೂರಲು ಏನೂ ಇಲ್ಲ. ಎಂಆರ್‌ಪಿಗಿಂತ ಒಂದು ರೂಪಾಯಿಯನ್ನೂ ಹೆಚ್ಚು ಕೇಳುವುದಿಲ್ಲ, ಬಿಲ್ ಕೊಡುತ್ತಾರೆ, ಬಿಯರ್ ತಣ್ಣಗಿರುತ್ತದೆ. ಆದರೂ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲು ನನಗೆ ಮನಸ್ಸಾಗುತ್ತಿಲ್ಲ.

ಸಂಜೆ ಆರಾಯಿತೆಂದರೆ ಅಂಗಡಿಯ ಮುಂದಿನ ಚರಂಡಿಯ ಚಪ್ಪಡಿಗಳ ಮೇಲೆ, ಟ್ರಾನ್ಸ್‌ಫಾರ್ಮರ್ ಪಕ್ಕದ ಖಾಲಿ ನಿವೇಶನದಲ್ಲಿ, ನಿಂತ ಆಟೋಗಳ ಮರೆಯಲ್ಲಿ ಕುಡಿತ ಶುರುವಾಗುತ್ತದೆ. ಟ್ಯೂಷನ್ ಮುಗಿಸಿ ಬರುವ ಹೆಣ್ಣುಮಕ್ಕಳು ಆ ಬೀದಿಯನ್ನೇ ಬಿಟ್ಟು ಸುತ್ತು ಬಳಸಿ ಮನೆ ಸೇರುತ್ತಾರೆ; ನನ್ನ ಮಗಳೂ ಅವರಲ್ಲೊಬ್ಬಳು.

ಇದು ಸಿಎಲ್-2 ಸನ್ನದಿನ ಅಂಗಡಿ. ಮುಚ್ಚಿದ ಬಾಟಲಿ, ಪೊಟ್ಟಣಗಳನ್ನು ಮಾರಬಹುದೇ ಹೊರತು ಅಲ್ಲಿಯೇ ಕುಡಿಯಲು ಬಿಡುವಂತಿಲ್ಲ. ಕುಳಿತು ಕುಡಿಯುವವರಿಗೆ ಸಿಎಲ್-9 ಸನ್ನದಿನ ಬಾರ್‌ಗಳಿವೆ. ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆಯ 15(ಎ) ಕಲಂ ನಿಷೇಧಿಸುತ್ತದೆ. ಕುಡಿಯಲು ಜಾಗ ಮಾಡಿಕೊಟ್ಟ ಗೂಡಂಗಡಿ, ಢಾಬಾಗಳವರ ಮೇಲೆ ಪೊಲೀಸರು ಇದೇ ಕಲಮಿನ ಜೊತೆಗೆ 32(3) ಸೇರಿಸಿ ಪ್ರಕರಣ ದಾಖಲಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ; ಅಂಥ ದಾಳಿಗಳಲ್ಲಿ ವಶವಾಗುವುದು ಸಾಮಾನ್ಯವಾಗಿ ಟೆಟ್ರಾ ಪ್ಯಾಕ್, ಪ್ಲಾಸ್ಟಿಕ್ ಲೋಟ ಮತ್ತು ನೀರಿನ ಪ್ಯಾಕೆಟ್.

ಆ ಮೂರೂ ವಸ್ತುಗಳು ಈ ಅಂಗಡಿಯ ಕೌಂಟರಿನಲ್ಲಿ ಒಟ್ಟಿಗೇ ಸಿಗುತ್ತವೆ ಎಂಬುದೇ ನನ್ನ ತಕರಾರು. 90 ಎಂಎಲ್ ಟೆಟ್ರಾ ಪ್ಯಾಕಿನ ಮೂಲೆ ಕತ್ತರಿಸಿದ ಮೇಲೆ ಅದನ್ನು ಮತ್ತೆ ಮುಚ್ಚಿಡಲಾಗುವುದಿಲ್ಲ, ತೆರೆದಲ್ಲಿಯೇ ಮುಗಿಸಬೇಕು. ಒಂದು ನೈಂಟಿ, ಒಂದು ಲೋಟ, ಒಂದು ನೀರಿನ ಪ್ಯಾಕೆಟ್ ಕೊಂಡವನು ಅದನ್ನು ಮನೆಗೆ ಒಯ್ಯುತ್ತಿಲ್ಲವೆಂಬುದು ಕೊಡುವವನಿಗೂ ಗೊತ್ತಿರುತ್ತದೆ. ಸಾಲದ್ದಕ್ಕೆ ಏಕಬಳಕೆಯ ಪ್ಲಾಸ್ಟಿಕ್ ಲೋಟಗಳ ಮಾರಾಟವನ್ನೇ ದೇಶಾದ್ಯಂತ 2022ರ ಜುಲೈ 1ರಿಂದ ನಿಷೇಧಿಸಲಾಗಿದೆ. ಬೆಳಿಗ್ಗೆ ಆ ಲೋಟಗಳನ್ನು ಚರಂಡಿಯಿಂದ ಬಾಚುವವರು ಪೌರಕಾರ್ಮಿಕರು.

ಅಲ್ಲಿ ನಿಂತು ಕುಡಿಯುವವರಲ್ಲಿ ಹೆಚ್ಚಿನವರು ದಿನಗೂಲಿಯವರು. ಬಾರಿನಲ್ಲಿ ಎಂಆರ್‌ಪಿಗಿಂತ ಹೆಚ್ಚು ತೆತ್ತು ಕೂರುವ ಶಕ್ತಿ ಅವರಿಗಿಲ್ಲ, ಮನೆಗೆ ಒಯ್ದರೆ ಜಗಳ. ಅವರನ್ನು ಬೈದು ಓಡಿಸುವುದನ್ನು ನಾನು ಬಯಸುವುದಿಲ್ಲ. ಪೊಲೀಸ್ ಜೀಪು ಬಂದಾಗ ಚದುರಿ, ಹೋದೊಡನೆ ಸೇರುವುದನ್ನು ಎಷ್ಟೋ ಸಲ ನೋಡಿದ್ದೇನೆ. ತಡೆಯುವ ಕೆಲಸ ಕೌಂಟರಿನಲ್ಲಿಯೇ ಆಗಬೇಕು.

ಕಳೆದ ವಾರ ಕ್ಯಾಷಿಯರ್ ಬಳಿ ಈ ಮಾತನ್ನೆತ್ತಿದೆ. "ಲೋಟ ಕೊಡಲಿಲ್ಲ ಅಂದ್ರೆ ಗಿರಾಕಿ ಬೇರೆ ಅಂಗಡಿಗೆ ಹೋಗ್ತಾನೆ ಸಾರ್, ರಸ್ತೇಲಿ ನಡೆಯೋದಕ್ಕೆ ನಾವೇನು ಮಾಡೋಕಾಗುತ್ತೆ?" ಎಂದರು. ಮರ್ಯಾದೆಯಿಂದಲೇ ಹೇಳಿದರು, ನನಗೆ ಚಿಲ್ಲರೆಯನ್ನೂ ಎಣಿಸಿ ಕೊಟ್ಟರು. ಆದರೆ ಊರಿನ ಇನ್ನೊಂದು ಬದಿಯ ಅಂಗಡಿಯೊಂದರಲ್ಲಿ ಲೋಟ ಇಡುವುದಿಲ್ಲ, ಮುಂದೆ ದೊಡ್ಡ ಬಲ್ಬು ಹಾಕಿದ್ದಾರೆ, ಬಾಗಿಲಲ್ಲಿ ಪ್ಯಾಕು ಕತ್ತರಿಸಿದವರಿಗೆ ಹುಡುಗನೊಬ್ಬ ಮುಂದಕ್ಕೆ ಹೋಗಲು ಹೇಳುತ್ತಾನೆ. ಅಲ್ಲಿಯೂ ಸಂಜೆ ಗಿರಾಕಿಗಳ ಸಾಲು ಇದ್ದೇ ಇರುತ್ತದೆ. ನಮ್ಮ ಬೀದಿಯ ಅಂಗಡಿಯವರು ಸದ್ಯಕ್ಕೆ ಲೋಟದ ಕಟ್ಟನ್ನು ಕೌಂಟರಿನಿಂದ ಇಳಿಸಿದರೂ ಸಾಕು, ಈ ಅಂಕವನ್ನು ನಾನೇ ತಿದ್ದುತ್ತೇನೆ.