ವಿ.ಸಿ. ಫಾರಂನ ಮೇವಿನ ತಾಕುಗಳು: ಹೈನುಗಾರರಿಗೆ ಎಷ್ಟು ಉಪಯುಕ್ತ?

ಹಾಲಿನ ಉತ್ಪಾದನಾ ವೆಚ್ಚದಲ್ಲಿ ಶೇ. 60ರಿಂದ 70ರಷ್ಟು ಪಾಲು ಮೇವಿಗೂ ಹಿಂಡಿ ಬೂಸಾಕ್ಕೂ ಹೋಗುತ್ತದೆ. ಆದರೂ ಹಸು ಕೊಳ್ಳುವ ಮುನ್ನ ಹತ್ತು ಜನರನ್ನು ವಿಚಾರಿಸುವ ನಮ್ಮ ಹೈನುಗಾರರು ಮೇವಿನ ತಳಿಯನ್ನು ಮಾತ್ರ ಪಕ್ಕದ ಬದುವಿನಿಂದ ಕಿತ್ತು ತಂದು ನೆಟ್ಟುಬಿಡುತ್ತಾರೆ. ಅಂಥವರು ಒಮ್ಮೆ ಹೋಗಿ ನೋಡಲೇಬೇಕಾದ ಜಾಗ ಮಂಡ್ಯದ ವಿ.ಸಿ. ಫಾರಂ, ಅಂದರೆ ವಿಶ್ವೇಶ್ವರಯ್ಯ ನಾಲೆಯ ಫಾರಂ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿ ಬೆಳೆದ ಇಲ್ಲಿನ ವಲಯ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಅಖಿಲ ಭಾರತ ಮಟ್ಟದ ಮೇವಿನ ಬೆಳೆಗಳ ಸಮನ್ವಿತ ಸಂಶೋಧನಾ ಯೋಜನೆಯ ಒಂದು ಘಟಕವೂ ಇದೆ. ಈ ಬರಹ ಆ ಘಟಕದಿಂದ ಹೈನುಗಾರರಿಗೆ ಸಿಗುವ ಸೇವೆಯನ್ನು ಕುರಿತದ್ದು.

ಹೆಚ್ಚಿನವರು ಇಲ್ಲಿಗೆ ಬರುವುದು ಸೀಮೆಹುಲ್ಲಿನ ಕಡ್ಡಿಗಾಗಿ. ಕೋ-3, ಕೋ-4, ಕೋ-5 ಎಂದು ಊರೂರಿನಲ್ಲಿ ಹೆಸರಾಗಿರುವ ಹೈಬ್ರಿಡ್ ನೇಪಿಯರ್ ತಳಿಗಳು ಮೂಲತಃ ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದವು. ಮಂಡ್ಯದ ಸ್ವಂತ ಕೊಡುಗೆ ಎನ್ನಬಹುದಾದದ್ದು ಎಂ.ಎಫ್.ಸಿ-08-14 ಮತ್ತು ಎಂ.ಎಫ್.ಸಿ-09-1 ಎಂಬ ಮೇವಿನ ಅಲಸಂದೆ ತಳಿಗಳು. ನನ್ನ ಅಭಿಪ್ರಾಯದಲ್ಲಿ ಇಲ್ಲಿಂದ ಮೊದಲು ಕೇಳಿ ತರಬೇಕಾದದ್ದು ಈ ಅಲಸಂದೆ ಬೀಜ. ಕಡ್ಡಿಯ ಮಾತು ಆಮೇಲೆ. ಸೀಮೆಹುಲ್ಲಿನಲ್ಲಿ ಸಸಾರಜನಕ ಒಣತೂಕದ ಶೇ. 8ರಿಂದ 10ರ ಆಸುಪಾಸಿನಲ್ಲಿದ್ದರೆ ಅಲಸಂದೆಯಲ್ಲಿ ಅದು ಶೇ. 15ರಿಂದ 20ರವರೆಗೆ ಇರುತ್ತದೆ. ಮೂರು ಸಾಲು ಹುಲ್ಲು ಅಥವಾ ಮೇವಿನ ಜೋಳಕ್ಕೆ ಒಂದು ಸಾಲು ಅಲಸಂದೆ ಹಾಕಿ, ಗಿಡ ಅರ್ಧದಷ್ಟು ಹೂವಾದಾಗ ಕೊಯ್ದು ಬೆರೆಸಿ ತಿನ್ನಿಸಿದರೆ ಹಿಂಡಿಯ ಖರ್ಚು ಇಳಿಯುತ್ತದೆ. ಹೊಸ ತಳಿಯ ಹುಲ್ಲಿನಲ್ಲಿ ಶೇ. 18ರಷ್ಟು ಸಸಾರಜನಕ ಇದೆಯೆಂದು ಜಾಹೀರಾತು ನಂಬಿ ಕಡ್ಡಿಗೆ ಇಂತಿಷ್ಟೆಂದು ದುಡ್ಡು ಸುರಿಯುವವರು, ಅದೇ ಹುಲ್ಲು ಬಲಿತ ಮೇಲೆ ಅದರಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಇಲ್ಲಿನ ತಜ್ಞರ ಬಳಿ ಒಮ್ಮೆ ಕೇಳುವುದು ಒಳ್ಳೆಯದು.

ಈ ಕೇಂದ್ರದ ನಿಜವಾದ ಬೆಲೆ ಇರುವುದು ತಾಕುಗಳಲ್ಲಿ. ಎರಡು ಕಣ್ಣಿನ ಕಡ್ಡಿಯನ್ನು ಸ್ವಲ್ಪ ಓರೆಯಾಗಿ, ಒಂದು ಕಣ್ಣು ಮಣ್ಣಿನೊಳಗೆ ಹೋಗಿ ಇನ್ನೊಂದು ಮೇಲೆ ಉಳಿಯುವಂತೆ ಊರುವುದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಸಾಲಿನ ಬಳಿ ನಿಂತು ನೋಡಿದರೆ ಸಂದೇಹ ಉಳಿಯುವುದಿಲ್ಲ. ಆಫ್ರಿಕನ್ ಟಾಲ್ ಮುಸುಕಿನ ಜೋಳವನ್ನು ರಸಮೇವಿಗೆ (ಗುಂಡಿಯಲ್ಲಿ ಮುಚ್ಚಿ ಹುಳಿಸಿಟ್ಟ ಹಸಿಮೇವು, ಸೈಲೇಜ್) ಯಾವಾಗ ಕಡಿಯಬೇಕು ಎಂಬ ಪ್ರಶ್ನೆಗೂ ಉತ್ತರ ಹೊಲದಲ್ಲೇ ಸಿಗುತ್ತದೆ. ತೆನೆಯ ಸಿಪ್ಪೆ ಸರಿಸಿ ಕಾಳಿಗೆ ಉಗುರು ಒತ್ತಿದಾಗ ತೆಳುವಾದ ಹಾಲು ಚಿಮ್ಮಿದರೆ ಇನ್ನೂ ಕಾಯಬೇಕು. ಹಾಲು ಗಟ್ಟಿಯಾಗಿ ಹಿಟ್ಟಿನಂತಾಗತೊಡಗಿದರೆ ಕುಡುಗೋಲು ಹಾಕಬಹುದು. ಬೇಗ ಕಡಿದರೆ ನೀರಿನಂಶ ಹೆಚ್ಚಾಗಿ ಗುಂಡಿಯಲ್ಲಿ ರಸ ಸೋರಿ ಹುಳಿವಾಸನೆ ಕೆಡುತ್ತದೆ. ತಡವಾದರೆ ದಂಟು ಒಣಗಿ, ಎಷ್ಟು ತುಳಿದರೂ ಗಾಳಿ ಹೋಗದೆ ಬೂಷ್ಟು ಹಿಡಿಯುತ್ತದೆ. ಸರಿಯಾಗಿ ತುಂಬಿ ಮುಚ್ಚಿದ ರಸಮೇವು ಸುಮಾರು 45 ದಿನಗಳಲ್ಲಿ ತಿನ್ನಿಸಲು ಸಿದ್ಧವಾಗುತ್ತದೆ.

ಸಣ್ಣ ಹಿಡುವಳಿದಾರರು ಕೇಂದ್ರಕ್ಕೆ ಹೋಗುವ ಮೊದಲೇ ಒಂದು ಲೆಕ್ಕ ಹಾಕಿಕೊಂಡಿರಬೇಕು. ಮೂರು ಅಡಿ ಸಾಲು, ಎರಡು ಅಡಿ ಅಂತರದಲ್ಲಿ ನೆಟ್ಟರೆ 10 ಗುಂಟೆಗೆ ಸುಮಾರು 1,800 ಕಡ್ಡಿ ಹಿಡಿಯುತ್ತದೆ. ನೀರಾವರಿಯಲ್ಲಿ ಎಕರೆಗೆ ವರ್ಷಕ್ಕೆ 80 ಟನ್ ಹುಲ್ಲು ಎಂದು ಹಿಡಿದರೆ ಆ 10 ಗುಂಟೆಯಿಂದ ದಿನಕ್ಕೆ 55 ಕಿಲೋ ಆಸುಪಾಸು ಬರುತ್ತದೆ, ಅಂದರೆ ಹಸುವೊಂದಕ್ಕೆ 25 ಕಿಲೋದಂತೆ ಎರಡು ಹಸುಗಳಿಗೆ ಸಾಲುತ್ತದೆ. ಐದು ಹಸು ಕಟ್ಟಿ 10 ಗುಂಟೆ ಹುಲ್ಲು ಬೆಳೆದು, ಉಳಿದದ್ದಕ್ಕೆ ಕಬ್ಬಿನ ಸೋಗೆಯನ್ನೇ ನೆಚ್ಚಿಕೊಳ್ಳುವುದು ಮಂಡ್ಯದ ಕಡೆ ಮಾಮೂಲು. ಸೋಗೆಯಿಂದ ಹೊಟ್ಟೆ ತುಂಬಿದರೂ ಪೋಷಕಾಂಶ ಸಾಲದು, ಡೈರಿಯಲ್ಲಿ ಹಾಲಿನ ಕೊಬ್ಬೇತರ ಘನಾಂಶ, ಅಂದರೆ ಎಸ್‌ಎನ್‌ಎಫ್ 8.5 ಮುಟ್ಟುವುದೂ ಕಷ್ಟ.

ರಾಗಿಯನ್ನೂ ಇಲ್ಲಿ ಹೇಳಬೇಕು. ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ಇದೇ ಫಾರಂನಲ್ಲಿ. ಅದೇ ನೆಲದಿಂದ ಮುಂದೆ ಕೆ.ಎಂ.ಆರ್. ಸರಣಿಯ ತಳಿಗಳು ಬಂದವು. ತಳಿ ಆರಿಸುವಾಗ ಕಾಳಿನ ಇಳುವರಿಯ ಜೊತೆಗೆ ಹುಲ್ಲಿನ ಇಳುವರಿಯನ್ನೂ ವಿಚಾರಿಸಿ, ಏಕೆಂದರೆ ಬೇಸಿಗೆಯಲ್ಲಿ ಹಟ್ಟಿಯನ್ನು ಕಾಯುವುದು ಮೆದೆಯಲ್ಲಿರುವ ರಾಗಿ ಹುಲ್ಲು. ಭತ್ತದ ಹುಲ್ಲು ಅದಕ್ಕೆ ಸರಿಸಾಟಿಯಲ್ಲ. 100 ಕಿಲೋ ಭತ್ತದ ಹುಲ್ಲಿಗೆ 4 ಕಿಲೋ ಯೂರಿಯಾ ಕರಗಿಸಿದ ನೀರು ಚಿಮುಕಿಸಿ ಮೂರು ವಾರ ಗಾಳಿಯಾಡದಂತೆ ಮುಚ್ಚಿಟ್ಟರೆ ಅದರ ಗುಣ ತಕ್ಕಮಟ್ಟಿಗೆ ಸುಧಾರಿಸುತ್ತದೆ. ಅಳತೆ ತಪ್ಪಿದರೆ ದನಕ್ಕೆ ಅಪಾಯವಾಗುವುದರಿಂದ ಇದನ್ನು ಬಲ್ಲವರಿಂದ ಕಲಿತೇ ಮಾಡಬೇಕು.

ಕೊರತೆಯ ಮಾತಿಗೆ ಬಂದರೆ, ನನಗೆ ಕಾಣುವ ದೊಡ್ಡ ಕೊರತೆ ವ್ಯವಸ್ಥೆಯದು. ಪಶುವೈದ್ಯಕೀಯಕ್ಕೆ 2004ರ ಕಾಯ್ದೆಯ ಮೂಲಕ ಬೀದರಿನಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯವಾದ ಮೇಲೆ, ಹುಲ್ಲು ಒಂದು ವಿಶ್ವವಿದ್ಯಾಲಯದ ಪಾಲಾಗಿ ಅದನ್ನು ತಿನ್ನುವ ಹಸು ಇನ್ನೊಂದರ ಪಾಲಾಯಿತು. ಹಸು ಯಾಕೆ ಗಬ್ಬ ನಿಲ್ಲುತ್ತಿಲ್ಲ, ಕೆಚ್ಚಲುಬಾವು ಯಾಕೆ ಮರುಕಳಿಸುತ್ತಿದೆ ಎಂಬ ಪ್ರಶ್ನೆ ಹೊತ್ತು ಮೇವಿನ ತಾಕಿಗೆ ಬಂದರೆ ಪ್ರಯೋಜನವಿಲ್ಲ. ಅದಕ್ಕೆ ಪಶು ಆಸ್ಪತ್ರೆಗೇ ಹೋಗಬೇಕು. ಫಾರಂನ ಆವರಣದಲ್ಲೇ ಇರುವ ಕೃಷಿ ವಿಜ್ಞಾನ ಕೇಂದ್ರ ತರಬೇತಿಗಳ ಮೂಲಕ ಈ ಅಂತರವನ್ನು ಒಂದಿಷ್ಟು ತುಂಬಬಲ್ಲದು, ಪೂರ್ತಿಯಾಗಿ ಅಲ್ಲ.

ಇನ್ನೊಂದು ಮಿತಿ ನೀರಿನದು. ನಾಲೆಯ ಬಯಲಿನಲ್ಲಿ ಸೊಕ್ಕಿ ನಿಂತ ಸೀಮೆಹುಲ್ಲು ನೋಡಿ ನಾಗಮಂಗಲದ ಬೆದ್ದಲಿನವರು ಅದನ್ನೇ ಹೊತ್ತುಕೊಂಡು ಹೋದರೆ ಮಾರ್ಚ್ ಹೊತ್ತಿಗೆ ನಿರಾಸೆ ಖಂಡಿತ. ಮಳೆ ನೆಚ್ಚಿದವರು ಮುಂಗಾರಿಗೆ ಮುಂಚೆಯೇ ಹೋಗಿ ಮೇವಿನ ಜೋಳ ಮತ್ತು ಅಲಸಂದೆಯನ್ನು ಕುರಿತು ಕೇಳಲಿ. ಎಳೆಯ ಜೋಳದ ಪೈರಿನಲ್ಲಿ, ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಪೈರಿನಲ್ಲಿ, ದನವನ್ನು ಕೊಲ್ಲುವಷ್ಟು ವಿಷದ ಅಂಶವಿರಬಹುದು. ಹಾಗಾಗಿ ಬೀಜದ ಚೀಲದ ಜೊತೆಗೆ ಕೊಯ್ಲು ಯಾವ ಹಂತದಲ್ಲಿ ಎಂಬುದನ್ನೂ ಅಲ್ಲೇ ಬರೆಸಿಕೊಂಡು ಬರಬೇಕು.