ವೈನ್ ಟಿಪ್ಪಣಿಗಳಿಗೆ ಟ್ಯಾಗ್: ದೀರ್ಘಕಾಲದ ಬಳಕೆಯ ನಂತರದ ಅಭಿಪ್ರಾಯ

ಸವಿದ ವೈನ್‌ಗಳ ಬಗ್ಗೆ ಟಿಪ್ಪಣಿ ಬರೆದು, ಅವುಗಳಿಗೆ ಪರಿಮಳ ಮತ್ತು ರುಚಿಯನ್ನು ಸೂಚಿಸುವ ಟ್ಯಾಗ್‌ಗಳನ್ನು ಸೇರಿಸಿ, ಇತರರೊಂದಿಗೆ ಹಂಚಿಕೊಳ್ಳಲು ಅವಕಾಶ ನೀಡುವ ಆನ್‌ಲೈನ್ ಸೇವೆಯೊಂದನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನದೇ ಹಳೆಯ ಟಿಪ್ಪಣಿಗಳನ್ನು ಹುಡುಕಿ ತೆಗೆಯುವುದಕ್ಕೆ ಇದರಷ್ಟು ಅನುಕೂಲವಾದ ವ್ಯವಸ್ಥೆಯನ್ನು ನಾನು ಬೇರೆಡೆ ಕಂಡಿಲ್ಲ. ಆದರೆ ಇತರರ ಟ್ಯಾಗ್‌ಗಳನ್ನು ಓದಿ ಬಾಟಲಿ ಆರಿಸುವವರು, ಆ ಟ್ಯಾಗ್‌ಗಳು ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಉತ್ಪಾದಕರು, ದ್ರಾಕ್ಷಿ ತಳಿ, ಪ್ರದೇಶ, ವಿಂಟೇಜ್ (ದ್ರಾಕ್ಷಿ ಕೊಯ್ದ ವರ್ಷ) ಇವೆಲ್ಲಕ್ಕೂ ಪ್ರತ್ಯೇಕ ಜಾಗವಿರುವುದರಿಂದ ಟ್ಯಾಗ್‌ಗಳನ್ನು ಅನುಭವಕ್ಕಷ್ಟೇ ಮೀಸಲಿಡಬಹುದು. ಪದ ಆರಿಸಲು ಸೇವೆಯೇ ಒಂದು ಪಟ್ಟಿಯನ್ನು ಮುಂದಿಡುತ್ತದೆ. ಬೇಕೆಂದರೆ ನಮ್ಮದೇ ಪದವನ್ನೂ ಸೇರಿಸಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಆನ್ ನೋಬಲ್ 1984ರಲ್ಲಿ ರೂಪಿಸಿದ ಪರಿಮಳ ಚಕ್ರದ ಛಾಯೆ ಈ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಚಕ್ರದಲ್ಲಿ ಒಳಸುತ್ತಿನ ವಿಶಾಲ ವರ್ಗಗಳಿಂದ ಹೊರಸುತ್ತಿನ ನಿರ್ದಿಷ್ಟ ವಾಸನೆಗಳ ಕಡೆಗೆ ಸಾಗಬೇಕು. 'ಸೊಗಸಾದ', 'ಅದ್ಭುತ' ಎಂಬಂಥ ಮೆಚ್ಚುಗೆಯ ಪದಗಳಿಗೆ ಅಲ್ಲಿ ಉದ್ದೇಶಪೂರ್ವಕವಾಗಿಯೇ ಸ್ಥಾನ ಕೊಟ್ಟಿಲ್ಲ. ನಮ್ಮ ಬಳಕೆದಾರರು ಅಂಥ ಪದಗಳನ್ನೇ ಧಾರಾಳವಾಗಿ ಸೇರಿಸಿರುವುದರಿಂದ, ಮುಕ್ತ ಟ್ಯಾಗ್‌ಗಳ ಮೂಲಕ ಹುಡುಕಿದಾಗ ಸಿಗುವ ಫಲಿತಾಂಶ ಬಹುಪಾಲು ನಿರುಪಯುಕ್ತ.

ನನ್ನ ಅನುಭವದಲ್ಲಿ ಹೆಚ್ಚು ನಂಬಬಹುದಾದವು, ಹಿಂದೆ ಗೊತ್ತಿರುವ ಕಾರಣವೊಂದಿರುವ ಟ್ಯಾಗ್‌ಗಳು. 'ಬೆಣ್ಣೆ' ಎಂದು ಹಲವರು ಗುರುತಿಸಿದ್ದರೆ, ಮ್ಯಾಲೋಲ್ಯಾಕ್ಟಿಕ್ ಪರಿವರ್ತನೆಯಲ್ಲಿ (ವೈನ್‌ನ ತೀಕ್ಷ್ಣ ಮ್ಯಾಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿಸುವ ಹಂತದಲ್ಲಿ) ಹುಟ್ಟುವ ಡೈಅಸಿಟೈಲ್ ಎಂಬ ಸಂಯುಕ್ತ ಅದಕ್ಕೆ ಕಾರಣವಾಗಿರುವ ಸಂಭವ ಹೆಚ್ಚು. ಕ್ಯಾಬರ್ನೇ ಸೋವಿನ್ಯೋನ್ ಎಂಬ ಕೆಂಪು ವೈನ್‌ನಲ್ಲಿ 'ಕ್ಯಾಪ್ಸಿಕಂ' ಕಂಡುಬಂದರೆ ಅದು ದ್ರಾಕ್ಷಿಯಲ್ಲಿರುವ ಮೆಥಾಕ್ಸಿಪೈರಜಿನ್ ಎಂಬ ಸಂಯುಕ್ತಗಳ ಗುರುತು. ದ್ರಾಕ್ಷಿ ಹಣ್ಣಾಗುತ್ತಾ ಹೋದಂತೆ ಅವುಗಳ ಪ್ರಮಾಣ ಇಳಿಯುವುದರಿಂದ, ಒಂದೇ ತೋಟದ ಬೇರೆ ಬೇರೆ ವರ್ಷಗಳ ವೈನ್‌ಗಳನ್ನು ಈ ಒಂದು ಟ್ಯಾಗ್‌ನಿಂದಲೇ ಅರ್ಥಪೂರ್ಣವಾಗಿ ಹೋಲಿಸಬಹುದು. ವಯಸ್ಸಾದ ರೀಸ್ಲಿಂಗ್ ಎಂಬ ಬಿಳಿ ವೈನ್‌ನ 'ಪೆಟ್ರೋಲ್' ಟ್ಯಾಗ್ ಕೂಡ ಇದೇ ಬಗೆಯದು.

'ಕರಿಮೆಣಸು' ಟ್ಯಾಗ್ ಮಾತ್ರ ಸೇವೆಯ ಮುಖ್ಯ ಕೊರತೆಯೊಂದನ್ನು ಬಯಲಿಗೆಳೆಯುತ್ತದೆ. ಶಿರಾಜ್ ಎಂಬ ಕೆಂಪು ವೈನ್‌ನಲ್ಲಿ ಆ ವಾಸನೆಗೆ ಕಾರಣವಾದ ರೋಟಂಡೋನ್ ಎಂಬ ಸಂಯುಕ್ತವನ್ನು ಆಸ್ಟ್ರೇಲಿಯಾದ ಸಂಶೋಧಕರು ಗುರುತಿಸಿ 2008ರಲ್ಲಿ ಪ್ರಕಟಿಸಿದರು. ಅವರ ಪರೀಕ್ಷೆಯಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ, ಪ್ರಮಾಣವನ್ನು ಬಹಳ ಹೆಚ್ಚಿಸಿದರೂ, ನೀರಿನಲ್ಲಿ ಬೆರೆಸಿದ ಅದರ ವಾಸನೆ ತಿಳಿಯಲೇ ಇಲ್ಲ. ಹೀಗಿರುವಾಗ ಒಬ್ಬ ಬಳಕೆದಾರರು ಕರಿಮೆಣಸಿನ ಟ್ಯಾಗ್ ಹಾಕದಿರುವುದಕ್ಕೆ ಮೂರು ಅರ್ಥಗಳಿರಬಹುದು: ವೈನ್‌ನಲ್ಲಿ ಅದು ಇರಲಿಲ್ಲ, ಇದ್ದರೂ ಅವರ ಮೂಗಿಗೆ ತಿಳಿಯಲಿಲ್ಲ, ತಿಳಿದರೂ ಬರೆಯಲಿಲ್ಲ. ಸೇವೆ ಈ ಮೂರನ್ನೂ ಒಂದೇ ಎಂದು ಎಣಿಸಿ, ಟ್ಯಾಗ್‌ಗಳ ಸಂಖ್ಯೆಯನ್ನಷ್ಟೇ ತೋರಿಸುತ್ತದೆ. 'ಹುಡುಕಿದೆ, ಸಿಗಲಿಲ್ಲ' ಎಂದು ದಾಖಲಿಸುವ ಒಂದು ಆಯ್ಕೆಯಿದ್ದರೆ ಆ ಸಂಖ್ಯೆಗಳ ಬೆಲೆ ಎಷ್ಟೋ ಹೆಚ್ಚುತ್ತಿತ್ತು. ಸದ್ಯಕ್ಕೆ ನಾನು ಒಟ್ಟು ಸಂಖ್ಯೆಯನ್ನು ಬದಿಗಿಟ್ಟು, ನನ್ನ ಟಿಪ್ಪಣಿಗಳೊಂದಿಗೆ ಹೆಚ್ಚಾಗಿ ಹೊಂದುವ ಕೆಲವೇ ಬಳಕೆದಾರರನ್ನು ಅನುಸರಿಸುತ್ತೇನೆ. ಈ ಸೌಲಭ್ಯ ಮಾತ್ರ ಬಹಳ ಚೆನ್ನಾಗಿದೆ.

ಹುಳಿ, ಒಗರು, ಸಿಹಿಗಳಿಗೂ ಟ್ಯಾಗ್‌ಗಳನ್ನೇ ಬಳಸಬೇಕಾಗಿರುವುದು ಸರಿಯಲ್ಲ. ಅವುಗಳಿಗೆ ಬೇಕಾದುದು ಕಡಿಮೆಯಿಂದ ಹೆಚ್ಚಿನವರೆಗಿನ ಅಳತೆಪಟ್ಟಿ. ಅದಕ್ಕಿಂತ ದೊಡ್ಡ ಲೋಪ ದೋಷಸೂಚಕ ಟ್ಯಾಗ್‌ಗಳಲ್ಲಿದೆ. ಒದ್ದೆ ರಟ್ಟಿನಂಥ ವಾಸನೆ ತರುವ ಟಿಸಿಎ ಎಂಬ ಸಂಯುಕ್ತ, ಲೀಟರಿಗೆ ಕೆಲವೇ ನ್ಯಾನೋಗ್ರಾಂಗಳಷ್ಟಿದ್ದರೂ ತಿಳಿಯುತ್ತದೆ, ಮತ್ತು ಅದು ಸಾಮಾನ್ಯವಾಗಿ ಕಾರ್ಕಿನ ಮೂಲಕ ಆ ಒಂದು ಬಾಟಲಿಗಷ್ಟೇ ತಗುಲಿರುತ್ತದೆ. ಸೇವೆ ಮಾತ್ರ ಆ ಟ್ಯಾಗನ್ನು ವೈನ್‌ನ ಸಾಮಾನ್ಯ ಪುಟಕ್ಕೇ ಸೇರಿಸಿಬಿಡುವುದರಿಂದ, ಒಂದು ಕೆಟ್ಟ ಬಾಟಲಿಯ ಕಳಂಕ ಇಡೀ ವಿಂಟೇಜ್‌ಗೆ ಅಂಟಿಕೊಳ್ಳುತ್ತದೆ.

ಹೊಸದಾಗಿ ಸೇರುವವರು ಮೊದಲು ಬದಲಾಯಿಸಬೇಕಾದ ಸೆಟ್ಟಿಂಗ್ ಒಂದಿದೆ. ಟಿಪ್ಪಣಿ ಬರೆಯುವ ಪರದೆಯಲ್ಲಿಯೇ, ಆ ವೈನ್‌ಗೆ ಇತರರು ಹೆಚ್ಚಾಗಿ ಹಾಕಿರುವ ಟ್ಯಾಗ್‌ಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ಫ್ರಾನ್ಸ್‌ನ ಮೊರೋ, ಬ್ರೋಶೆ ಮತ್ತು ದುಬೂರ್ದ್ಯೂ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ ಬಿಳಿ ವೈನನ್ನು 54 ಮಂದಿ ಪರೀಕ್ಷಕರು ಬಹುಮಟ್ಟಿಗೆ ಕೆಂಪು ವೈನ್‌ಗೆ ಬಳಸುವ ಪದಗಳಿಂದಲೇ ವರ್ಣಿಸಿದ್ದರು. ಕಣ್ಣಿಗೆ ಬಿದ್ದ ಬಣ್ಣವೇ ಮೂಗನ್ನು ಇಷ್ಟು ದಾರಿ ತಪ್ಪಿಸಬಲ್ಲದಾದರೆ, ಸಿದ್ಧ ಪದಗಳ ಸಾಲೊಂದು ಎದುರಿಗಿರುವಾಗ ಬರೆದ ಟಿಪ್ಪಣಿಯನ್ನು ಸ್ವತಂತ್ರ ಅಭಿಪ್ರಾಯವೆಂದು ಎಣಿಸುವುದು ಕಷ್ಟ. ಟಿಪ್ಪಣಿ ಉಳಿಸುವವರೆಗೂ ಇತರರ ಟ್ಯಾಗ್‌ಗಳನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್‌ಗಳ ಒಳಪುಟದಲ್ಲಿದೆ. ಅದು ಆರಂಭದಿಂದಲೇ ಚಾಲ್ತಿಯಲ್ಲಿರಬೇಕಿತ್ತು.

ಎಲ್ಲ ಟಿಪ್ಪಣಿಗಳನ್ನೂ ಸ್ಪ್ರೆಡ್‌ಶೀಟ್ ರೂಪದಲ್ಲಿ ಇಳಿಸಿಕೊಳ್ಳಬಹುದು, ಅದಕ್ಕೆ ಹೆಚ್ಚುವರಿ ಶುಲ್ಕವಿಲ್ಲ. ಟ್ಯಾಗ್‌ಗಳೆಲ್ಲ ಒಂದೇ ಕಾಲಂನಲ್ಲಿ ಅಲ್ಪವಿರಾಮಗಳೊಂದಿಗೆ ಬರುತ್ತವೆ. ಬೇರ್ಪಡಿಸಲು ಸ್ವಲ್ಪ ಕೆಲಸವಿದ್ದರೂ, ಸವಿದ ದಿನಾಂಕ ಜೊತೆಗೇ ಬರುವುದರಿಂದ ಒಂದೇ ವೈನ್ ವರ್ಷಗಳುದ್ದಕ್ಕೂ ಹೇಗೆ ಬದಲಾಯಿತು ಎಂಬುದನ್ನು ಸೇವೆಯ ಪುಟಗಳಿಗಿಂತ ಈ ಕಡತದಲ್ಲಿ ನೋಡುವುದೇ ಸುಲಭ.